ಹದಿನೈದು ಕೆಮ್ಮು

ಅವನನ್ನು ಎಲ್ಲರೂ ಹದ್ದಣ್ಣ ಎಂದು ಕರೆಯುತ್ತಿದ್ದರು. ಆಮೆ ಎಣಿಸುವ ಆಫೀಸಿನವರು ಹೊಗಳಿಕೆ ಎಂದುಕೊಂಡು ಇಟ್ಟ ಹೆಸರು. ಮರಳುಗಾಡಿನಲ್ಲಿ ಆಮೆಮರಿಗಳನ್ನು ಹುಡುಕಿ ಹುಡುಕಿ ತಿನ್ನುವ ಹಕ್ಕಿಯೇ ಹದ್ದು ಎಂಬುದು ಇಟ್ಟವರಿಗೂ ಗೊತ್ತಿತ್ತು, ಇಡಿಸಿಕೊಂಡವನಿಗೂ ಗೊತ್ತಿತ್ತು. ಆದರೆ ಇಪ್ಪತ್ತೊಂದು ವರ್ಷ ಜನರ ಬಾಯಲ್ಲಿ ಹೊರಳಿದ ಹೆಸರನ್ನು ಯಾರು ತಿದ್ದುತ್ತಾ ಕೂರುತ್ತಾರೆ? ಹೆಂಡತಿ ಒಬ್ಬಳು ಮಾತ್ರ ಹಾಗೆ ಕರೆಯಲಿಲ್ಲ. ಮೂಗಿನ ಕೆಳಗಿಟ್ಟ ಉಪ್ಪಿನ ಡಬ್ಬ ಕಾಣದ ಗಂಡಸನ್ನು ಹದ್ದು ಎನ್ನಲು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಆಮೆಗಳ ಕೆಲಸಕ್ಕೆ ಬರುವ ಮೊದಲು ಅವನು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುತ್ತಿದ್ದ. ಮುಂದೊಬ್ಬ, ಹಿಂದೊಬ್ಬ, ನಡುವೆ ಸರಪಳಿ. ಗುಡ್ಡ ಬರಲಿ ಹಳ್ಳ ಬರಲಿ, ಗೆರೆ ಬಿಟ್ಟು ಅತ್ತಿತ್ತ ಕದಲುವ ಹಾಗಿಲ್ಲ. ಒಂದು ದಿನ ಸರಪಳಿಯ ಜಾಗಕ್ಕೆ ಮೂರು ಕಾಲಿನ ಯಂತ್ರ ಬಂತು, ಎರಡು ಕಾಲಿನವರನ್ನು ಮನೆಗೆ ಕಳಿಸಿದರು. ಅದೇ ವರ್ಷ ಆಮೆ ಆಫೀಸಿನ ಗೋಡೆಯ ಮೇಲೆ ‘ನೇರವಾಗಿ ನಡೆಯಬಲ್ಲವರು ಬೇಕಾಗಿದ್ದಾರೆ’ ಎಂಬ ಚೀಟಿ ಕಾಣಿಸಿಕೊಂಡಿತು. ಅದನ್ನು ಓದಿ ನಕ್ಕವರೇ ಹೆಚ್ಚು. ಹದ್ದಣ್ಣ ನಗಲಿಲ್ಲ, ಅರ್ಜಿ ಹಾಕಿದ. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ ಆಗಿತ್ತು.

ವರ್ಷಕ್ಕೆ ಎಂಟು ವಾರದ ಕೆಲಸ. ಚಳಿ ಮುಗಿದು ಬಿಸಿಲು ಇನ್ನೂ ಕಚ್ಚದ ಹೊತ್ತಿನಲ್ಲಿ, ಮರಳಿನ ಮೇಲೆ ನಾಲ್ಕು ಹಸಿರೆಲೆ ಕಂಡಾಗ, ಆಮೆಗಳು ಬಿಲದಿಂದ ಹೊರಗೆ ಬರುತ್ತವೆ. ತಿನ್ನುತ್ತವೆ, ಬಿಸಿಲು ಕಾಯುತ್ತವೆ, ಎಂಟು ವಾರಕ್ಕೆ ಸಂಸಾರ ಮುಗಿಸಿ ಮತ್ತೆ ಒಳಗೆ ಹೋಗುತ್ತವೆ. ಹಿಂದೆ ಆ ಬಯಲಿನಲ್ಲಿ ಕಾಲಿಟ್ಟಲ್ಲೆಲ್ಲ ಆಮೆಯಂತೆ. ಈಗ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕಡಿಮೆ ಎಂದು ಹೇಳಬೇಕಾದದ್ದು ಹದ್ದಣ್ಣನಂಥವರು. ಬಯಲಿನ ಕಾಲುಭಾಗದಲ್ಲಿ ಗೆರೆ ಹಾಕಿಕೊಂಡು ನಡೆಯುವುದು, ಉಳಿದ ಮುಕ್ಕಾಲು ಭಾಗಕ್ಕೆ ಆಫೀಸು ಲೆಕ್ಕ ಹಾಕುವುದು.

ನಡೆಯುವ ಕ್ರಮ ಹೀಗೆ. ಇಬ್ಬರ ಸೊಂಟಕ್ಕೂ ಇಪ್ಪತ್ತೈದು ಮೀಟರು ಉದ್ದದ ಒಂದೇ ಹಗ್ಗ. ಮುಂದಿನವನು ದಿಕ್ಸೂಚಿ ಹಿಡಿದು ನೇರ ಹೋಗುತ್ತಾನೆ. ಆಮೆ ಕಂಡರೆ ‘ಇದೆ’ ಎನ್ನುತ್ತಾನೆ. ಅವನು ಕಾಣದೆ ದಾಟಿಹೋದದ್ದು ಹಿಂದಿನವನಿಗೆ ಕಂಡರೆ ಅವನು ‘ಇದೆ’ ಎನ್ನುತ್ತಾನೆ. ಮೊದಲು ಕಂಡವರು ಯಾರು ಎಂಬುದಕ್ಕೆ ಫಾರಮ್ಮಿನಲ್ಲಿ ಎರಡು ಚೌಕಗಳಿವೆ. ಗುರುತು ಹಾಕುವ ಪೆನ್ಸಿಲ್ ಹಿಂದಿನವನ ಕೈಯಲ್ಲಿ. ಆಮೆಯನ್ನು ಮಾತ್ರ ಎತ್ತಬಾರದು. ಹೆದರಿದ ಆಮೆ ಮೂತ್ರ ಬಿಡುತ್ತದೆ, ಅದು ವರ್ಷಕ್ಕೆಂದು ಒಡಲಲ್ಲಿ ಕೂಡಿಟ್ಟ ನೀರು. ಕುತೂಹಲಕ್ಕೆ ಎತ್ತಿ ನೋಡಿದವರು ಮರಳಿನ ಮೇಲೆ ಒಂದು ಒದ್ದೆ ಗುರುತು ನೋಡಿ ಮನೆಗೆ ಹೋಗುತ್ತಾರೆ. ಆಮೆ ಬೇಸಗೆಯಲ್ಲಿ ಸಾಯುತ್ತದೆ.

ಕೆಲಸ ಶುರುವಾಗುವ ಮೊದಲು ಪ್ರತಿ ವರ್ಷ ಎಲ್ಲರಿಗೂ ಪರೀಕ್ಷೆ. ಥರ್ಮೊಕೋಲಿನ ಮೇಲೆ ಪ್ಲಾಸ್ಟರು ಮೆತ್ತಿ ಬಣ್ಣ ಬಳಿದ ಇಪ್ಪತ್ತು ಸುಳ್ಳು ಆಮೆಗಳನ್ನು ಬಯಲಿನಲ್ಲಿ ಅಡಗಿಸುತ್ತಾರೆ. ಹದಿನೆಂಟು ಸಿಕ್ಕರೆ ಆ ವರ್ಷ ಕೆಲಸ, ಸಿಗದಿದ್ದರೆ ಎಂಟು ದಿನ ಬಿಟ್ಟು ಇನ್ನೊಂದೇ ಅವಕಾಶ. ಅಡಗಿಸುವವನು ಆಫೀಸಿನ ಗೋದಾಮು ನೋಡಿಕೊಳ್ಳುವವನು, ಹದ್ದಣ್ಣನ ಹೆಂಡತಿಯ ತಮ್ಮ. ಕುಳಿತಲ್ಲಿಂದ ಎದ್ದರೆ ಕುರ್ಚಿಗೆ ಬೇಜಾರಾದೀತು ಎನ್ನುವ ಜಾತಿಯ ಮನುಷ್ಯ. ಜೀಪಿನಿಂದ ಇಳಿದು ನಲವತ್ತು ಹೆಜ್ಜೆಗಿಂತ ಹೆಚ್ಚು ಅವನು ಯಾವ ಆಮೆಗೋಸ್ಕರವೂ ನಡೆದವನಲ್ಲ. ಅದೂ ಡ್ರೈವರು ಇಳಿಯುವ ಬದಿಗೇ. ಹದ್ದಣ್ಣನಿಗೆ ಇದು ಎಂದೋ ಗೊತ್ತಾಗಿತ್ತು, ಬಳಸಿಕೊಳ್ಳುವ ಅಗತ್ಯ ಮಾತ್ರ ಇಪ್ಪತ್ತು ವರ್ಷ ಬಂದಿರಲಿಲ್ಲ.

ಇಪ್ಪತ್ತೊಂದನೆಯ ವರ್ಷ ಬಂತು.

ಉಳಿದ ತಿಂಗಳುಗಳಲ್ಲಿ ಹದ್ದಣ್ಣ ಶಾಲೆಗಳ ಆಟದ ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದ. ಆ ಸಲ ಚಳಿಗಾಲಕ್ಕೆ ಮೊದಲು ಹಾಕಿದ ಗೆರೆ ನಡುವಿನಲ್ಲಿ ಹಾವಿನ ಹಾಗೆ ಬಾಗಿತು. ಆಟದ ಮೇಷ್ಟ್ರು ಕರೆದು ತೋರಿಸಿದರೆ, “ಮೈದಾನವೇ ಸೊಟ್ಟಗಿದೆ ಸಾರ್” ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಅವನಿಗೂ ಗೊತ್ತಿತ್ತು. ಆದರೆ ಅವನ ಕಣ್ಣಿಗೆ ಆ ಗೆರೆ ದಾರ ಹಿಡಿದ ಹಾಗೆ ನೆಟ್ಟಗಿತ್ತು. ನೆಟ್ಟಗಿರುವ ವಿದ್ಯುತ್ ಕಂಬಗಳು ಬಾಗಿದ್ದವು. ಎದುರಿಗೆ ನಿಂತವರ ಮುಖದಲ್ಲಿ ಮೂಗಿರಬೇಕಾದಲ್ಲಿ ಒಂದು ಮಸುಕು ಕೂತಿತ್ತು.

ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ಎರಡು ಕಣ್ಣಿಗೂ ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ ಎಂದರು.

“ಕನ್ನಡಕ ಹಾಕಿದ್ರೆ?”

“ಆಗಲ್ಲ.”

“ಆಪರೇಷನ್?”

“ಪೊರೆ ಆಗಿದ್ರೆ ತೆಗೀಬಹುದಿತ್ತು. ಇದು ಪೊರೆ ಅಲ್ಲ. ಸುತ್ತಲಿನ ಭಾಗ ಚೆನ್ನಾಗಿದೆ, ಓರೆಯಾಗಿ ನೋಡೋದು ರೂಢಿ ಮಾಡ್ಕೊಳ್ಳಿ. ಏನು ಕೆಲಸ ಮಾಡ್ತೀರಿ?”

“ಆಮೆ ನೋಡ್ತೀನಿ.”

ಡಾಕ್ಟರು ಚೀಟಿ ಬರೆದುಕೊಟ್ಟರು. ಹದ್ದಣ್ಣ ಅದನ್ನು ಸುತ್ತಿಗೆ, ಮೊಳೆ ಇಡುವ ಡಬ್ಬದ ತಳಕ್ಕೆ ಹಾಕಿದ. ಅವನಿಗೆ ಭಯವಾಗಿತ್ತು, ಕುರುಡಾಗುವ ಭಯವಲ್ಲ. ವರ್ಷದ ನಲವತ್ತನಾಲ್ಕು ವಾರ ಅವನು ಊರಿನ ಸುಣ್ಣದವನು, ಹೆಂಡತಿಯ ಕಣ್ಣಿಗೆ ಉಪ್ಪಿನ ಡಬ್ಬ ಕಾಣದವನು. ಉಳಿದ ಎಂಟು ವಾರ ಹಗ್ಗದ ಮುಂದಿನ ತುದಿಯಲ್ಲಿರುವವನು. ಆ ಎಂಟು ವಾರ ಹೋದರೆ ಉಳಿಯುವುದು ಉಪ್ಪಿನ ಡಬ್ಬವೊಂದೇ.

ಪರೀಕ್ಷೆಯ ದಿನ ಅವನು ಆಮೆಗಳನ್ನು ಹುಡುಕಲಿಲ್ಲ, ಭಾವಮೈದನನ್ನು ಹುಡುಕಿದ. ಜೀಪಿನ ಚಕ್ರದ ಗುರುತು ಕಾಲಿಗೆ ಸಿಕ್ಕಿದಲ್ಲೆಲ್ಲ ನಿಂತು, ಬಲಕ್ಕೆ ನಲವತ್ತು ಹೆಜ್ಜೆಯೊಳಗೆ ಇದ್ದ ಪೊದೆಗಳನ್ನು ಓರೆಗಣ್ಣಿನಲ್ಲಿ ನೋಡಿ ‘ಇದೆ’ ಎನ್ನುತ್ತಾ ಹೋದ. ಇಪ್ಪತ್ತಕ್ಕೆ ಹತ್ತೊಂಬತ್ತು ಸಿಕ್ಕವು. ಸಿಗದ ಒಂದು, ಜೀಪಿನಲ್ಲೇ ಮರೆತುಹೋಗಿತ್ತೆಂದು ಆಮೇಲೆ ತಿಳಿಯಿತು.

ಆ ವರ್ಷ ಹದ್ದಣ್ಣನ ಹಿಂದೆ ನಡೆಯುತ್ತಿದ್ದವನು ಮಂಡಿನೋವೆಂದು ಕೆಲಸ ಬಿಟ್ಟ. ಅವನ ಜಾಗಕ್ಕೆ ಪರೀಕ್ಷೆ ಕಟ್ಟಿ ಪಾಸಾದವಳು ಹದ್ದಣ್ಣನ ಸೊಸೆ. ಅವಳು ಅದುವರೆಗೆ ಟೈಲ್ಸ್ ಕಾರ್ಖಾನೆಯಲ್ಲಿದ್ದಳು. ಬೆಲ್ಟಿನ ಮೇಲೆ ಸಾಗಿ ಬರುವ ಸಾವಿರಾರು ಟೈಲ್ಸಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದದ್ದನ್ನು ಹೆಕ್ಕಿ ಬಿಸಾಡುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಅವಳ ಗಂಡ, ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, “ಅಪ್ಪನ ಜೊತೆ ಹೋಗು, ಗಾಳಿಯಾದ್ರೂ ಸಿಗುತ್ತೆ” ಎಂದಿದ್ದ. ಬೀದಿಯವರಿಗೆ ನಗಲು ಒಂದು ನೆಪವಾಯಿತು: ಮಾವ ಸೊಸೆಯನ್ನು ಹಗ್ಗ ಕಟ್ಟಿ ಕರೆದುಕೊಂಡು ಹೋಗುತ್ತಾನೆ ಎಂದು ಒಬ್ಬರು, ಅಲ್ಲ, ಮಾವನನ್ನೇ ಮೇಯಲು ಬಿಟ್ಟು ಅವಳು ಹಗ್ಗ ಹಿಡಿದಿದ್ದಾಳೆ ಎಂದು ಇನ್ನೊಬ್ಬರು. ಎರಡನೆಯವರು ನಿಜಕ್ಕೆ ಹತ್ತಿರದಲ್ಲಿದ್ದರು.

ಮೂರನೆಯ ದಿನ ಅದು ಆಯಿತು. ಆ ಬಯಲಿನಲ್ಲಿ ಹೆಡ್ ಕ್ಲರ್ಕ್ ಎಂಬ ಒಂದು ಹಳೆಯ ಆಮೆ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಬಿಲದ ಬಾಗಿಲಿಗೆ ಬರುತ್ತಿರಲಿಲ್ಲ, ನಾಲ್ಕಾದ ಮೇಲೆ ಯಾರಿಗೂ ಸಿಗುತ್ತಿರಲಿಲ್ಲ. ಆ ಹೆಸರು ಹದ್ದಣ್ಣನೇ ಇಟ್ಟದ್ದು, ಹತ್ತೊಂಬತ್ತು ವರ್ಷದ ಪರಿಚಯ. ಅಂದು ಹನ್ನೊಂದೂವರೆಗೆ ಹೆಡ್ ಕ್ಲರ್ಕ್ ಬಿಲದಿಂದ ನಾಲ್ಕು ಮಾರು ಈಚೆ, ಬೋರಲು ಹಾಕಿದ ಬೋಗುಣಿಯ ಹಾಗೆ ಕೂತಿತ್ತು. ಹದ್ದಣ್ಣ ಅದರ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಕಾಲಿಟ್ಟು, ದಿಕ್ಸೂಚಿಯನ್ನು ಮುಖದ ಬದಿಗೆ ಹಿಡಿದುಕೊಂಡು ಮುಂದೆ ಹೋದ. ಆಮೆ ಕತ್ತೆತ್ತಿ ಅವನನ್ನು ನೋಡಿತು.

ಸೊಸೆ ಆಮೆಯ ಹತ್ತಿರ ಬಂದು ನಿಂತಳು. ಈಗ ಅವಳು ‘ಇದೆ’ ಎನ್ನಬೇಕು. ಒಂದೇ ಮಾತು. ಆದರೆ ಆ ಮಾತಿನ ಅರ್ಥ, ಮಾವ, ನಿಮ್ಮ ಕಾಲ ಕೆಳಗಿದ್ದದ್ದು ನಿಮಗೆ ಕಾಣಲಿಲ್ಲ ಎಂದು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಕೋಪ ಬಂದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮನುಷ್ಯನಿಗೆ ಕೋಪ ಬರುವುದಿಲ್ಲ, ಮುಖ ಸಣ್ಣದಾಗುತ್ತದೆ. ಅದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ. ಅವಳು ಕೆಮ್ಮಿದಳು.

ಹಗ್ಗ ಬಿಗಿಯಾಯಿತು. ಹದ್ದಣ್ಣ ತಿರುಗಿದ.

“ಏನಮ್ಮ?”

“ಏನಿಲ್ಲ ಮಾವ. ಧೂಳು.”

“ನೀರು ಕುಡಿ” ಎನ್ನುತ್ತಾ ಬಾಟಲಿ ಹಿಡಿದು ವಾಪಸು ಬಂದ. ಸೊಸೆಯ ಮುಖವನ್ನು ಎವೆಯಿಕ್ಕದೆ ನೋಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ. ಮರ್ಯಾದೆಗೆಂದು ಪಕ್ಕದ ಪೊದೆಯ ಕಡೆ ನೋಡುತ್ತಾ ಬಾಟಲಿ ಚಾಚಿದ. ಪೊದೆ ಮಸುಕಾಯಿತು, ಅದರ ಬದಿಯಲ್ಲಿ ಹೆಡ್ ಕ್ಲರ್ಕ್ ಸ್ಪಷ್ಟವಾಗಿ ಕಂಡಿತು.

“ಇದೆ” ಎಂದ ಹದ್ದಣ್ಣ.

“ಹೌದಲ್ಲ ಮಾವ” ಎಂದು ಸೊಸೆ ಮುಂದಿನವರ ಚೌಕಕ್ಕೆ ಗುರುತು ಹಾಕಿದಳು.

ಹೀಗೆ ಶುರುವಾದ ಕೆಮ್ಮು ಎಂಟು ವಾರ ನಡೆಯಿತು. ಹದ್ದಣ್ಣ ಔಷಧಿ ಅಂಗಡಿಯಿಂದ ಕೆಮ್ಮಿನ ಬಾಟಲಿ ತಂದ. ದಿನಾ ಸಂಜೆ ಅವನು ಎರಡು ಚಮಚ ಅಳೆದು ಕೊಡುತ್ತಿದ್ದ, ಅವಳು ತಕರಾರಿಲ್ಲದೆ ಕುಡಿಯುತ್ತಿದ್ದಳು. ಯಾವ ಕಾಯಿಲೆಯೂ ಇಲ್ಲದ ಹೆಣ್ಣು ಔಷಧಿಯ ಮಂಪರಿಗೆ ಏಳೂವರೆಗೇ ಆಕಳಿಸುತ್ತಾ ಕೂರುತ್ತಿದ್ದಳು. ಅತ್ತೆ ಅದನ್ನು ನೋಡಿ, “ಆಮೆ ಎಣಿಸೋ ಕೆಲಸಕ್ಕೆ ಇಷ್ಟು ಸುಸ್ತಾ? ಅವೇನು ಓಡಿಹೋಗ್ತವಾ?” ಎನ್ನುತ್ತಿದ್ದಳು.

ಹದ್ದಣ್ಣನಿಗೆ ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಮೊದಲ ನಾಲ್ಕೈದು ಸಲ ನಿಜಕ್ಕೂ ಗೊತ್ತಿರಲಿಲ್ಲ. ಆಮೇಲಾಮೇಲೆ, ಆಮೆಯಿಲ್ಲದ ಕಡೆ ಈ ಹುಡುಗಿಗೆ ಒಮ್ಮೆಯೂ ಧೂಳು ಕುಡಿಯುವುದಿಲ್ಲ ಎಂಬುದು ಅವನ ಗಮನಕ್ಕೆ ಬಂತು. ಗಮನಕ್ಕೆ ಬಂದದ್ದನ್ನು ಡಾಕ್ಟರ ಚೀಟಿಯ ಪಕ್ಕದಲ್ಲೇ ಮನಸ್ಸಿನ ತಳಕ್ಕೆ ಹಾಕಿ, ಬಾಟಲಿಯಲ್ಲಿ ಔಷಧಿ ಕಡಿಮೆಯಾದಾಗ ಇನ್ನೊಂದು ಬಾಟಲಿ ತಂದ. ಯಾರಿಗೂ ಇದರಿಂದ ನಷ್ಟವಿಲ್ಲ ಎಂದುಕೊಂಡ. ಆಮೆ ಲೆಕ್ಕಕ್ಕೆ ಸಿಗುತ್ತಿದೆ, ಅದನ್ನು ಮೊದಲು ಕಂಡವರು ಯಾರಾದರೇನು?

ಋತು ಮುಗಿದ ಮೇಲೆ ಎಲ್ಲರನ್ನೂ ಆಫೀಸಿನ ತಗಡಿನ ಚಾವಣಿಯ ಹಾಲಿಗೆ ಕರೆದು, ಯಾವ ಬಯಲಿನಲ್ಲಿ ಎಷ್ಟು ಆಮೆ ಎಂದು ಓದುವ ಪದ್ಧತಿ. ಓದುವವರು ಲೆಕ್ಕದ ಮೇಡಂ, ಅಂಕಿಗಳ ಮುಂದೆ ಯಾರ ಮುಲಾಜಿಗೂ ಬೀಳದ ಹೆಂಗಸು. ಅಂದು ಅವರು ಮೊದಲು ಹದ್ದಣ್ಣನನ್ನು ವೇದಿಕೆಗೆ ಕರೆದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಹಿಂದೆ ನಡೆದವರಿಗೆ ಒಂದೇ ಒಂದು ಆಮೆಯನ್ನೂ ಉಳಿಸದೆ ಎಲ್ಲವನ್ನೂ ತಾನೇ ಕಂಡ ಮುಂದಿನವರು ಎಂದು ಹೇಳಿ, ಹಿತ್ತಾಳೆಯ ಆಮೆ ಕೂರಿಸಿದ ಮರದ ಫಲಕ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆ ಎರಡನೆಯ ಸಾಲಿನಲ್ಲಿ ಕೂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಅಂಕಿ ಓದಿದರು. ಹದ್ದಣ್ಣನ ಬಯಲಿನಲ್ಲಿ ಹಿಂದಿನ ವರ್ಷ ಇನ್ನೂರ ಹದಿನಾರು ಆಮೆ, ಈ ವರ್ಷ ನೂರ ಎಪ್ಪತ್ತಾರು. ಇನ್ನೂರಕ್ಕಿಂತ ಕೆಳಗೆ ಬಂದ ಬಯಲಿನಲ್ಲಿ ಆಮೆಗಳನ್ನು ಉಳಿಸುವುದಿಲ್ಲ; ಉಳಿದವನ್ನು ಬಿಲ ಅಗೆದು ಹಿಡಿದು ನೂರು ಕಿಲೋಮೀಟರು ಆಚೆಯ ಬಯಲಿಗೆ ಸಾಗಿಸುವುದು ನಿಯಮ. ಆಫೀಸಿನಲ್ಲಿ ಅದಕ್ಕೆ ಎತ್ತಂಗಡಿ ಎನ್ನುತ್ತಿದ್ದರು. ಎತ್ತಂಗಡಿಯಾದ ಆಮೆ ಹೊಸ ಬಯಲಿನಲ್ಲಿ ಇಳಿದ ಕೂಡಲೇ ಹುಲ್ಲನ್ನೂ ಮೂಸದೆ ಹಳೆಯ ಮನೆಯ ದಿಕ್ಕಿಗೆ ನಡೆಯತೊಡಗುತ್ತದೆ. ಹಾಗೆ ನಡೆದು ನಡೆದು ದಾರಿಯಲ್ಲಿ ಸತ್ತವನ್ನು ಹದ್ದಣ್ಣ ನೋಡಿದ್ದ. ಎಲ್ಲವುಗಳ ಮೂತಿಯೂ ಒಂದೇ ಕಡೆ ಇತ್ತು.

ಫಲಕ ಹಿಡಿದುಕೊಂಡೇ ಎದ್ದು ನಿಂತ. “ಮೇಡಂ, ಈ ವರ್ಷ ನಾವು ಕಣ್ಣಾರೆ ಕಂಡಿದ್ದು ನಲವತ್ತನಾಲ್ಕು. ಹೋದ ವರ್ಷ ನಲವತ್ತೆಂಟು. ನಾಲ್ಕು ಕಡಿಮೆಯಾದ್ರೆ ಬಯಲಲ್ಲಿ ನಲವತ್ತು ಹೇಗೆ ಕಡಿಮೆ ಆಗುತ್ತೆ?”

“ಕಂಡಿದ್ದು ಬೇರೆ, ಇರೋದು ಬೇರೆ ಹದ್ದಣ್ಣ” ಎಂದರು ಮೇಡಂ. “ಹೋದ ವರ್ಷ ನೀವು ಬಿಟ್ಟುಹೋದ ಹನ್ನೆರಡು ಆಮೆ ಹಿಂದಿನವರಿಗೆ ಸಿಕ್ಕಿತ್ತು. ನೀವು ಅಷ್ಟು ಬಿಟ್ಟಿದ್ರೆ ಅವರೂ ಒಂದಷ್ಟು ಬಿಟ್ಟಿರ್ತಾರೆ. ಇಬ್ಬರಿಗೂ ಕಾಣದ್ದು ಎಷ್ಟಿರಬಹುದು ಅಂತ ಅದರಿಂದಲೇ ಲೆಕ್ಕ ಹಾಕಿ ಸೇರಿಸ್ತೀವಿ, ಆಮೇಲೆ ಇಡೀ ಬಯಲಿಗೆ ಅಂತ ನಾಲ್ಕರಿಂದ ಗುಣಿಸ್ತೀವಿ. ಈ ವರ್ಷ ಹಿಂದಿನವರಿಗೆ ಸೊನ್ನೆ. ಅಂದ್ರೆ ನಿಮ್ಮ ಕಣ್ಣು ತಪ್ಪಿಸಿಕೊಂಡ ಆಮೆ ಇಲ್ಲವೇ ಇಲ್ಲ. ಕಂಡಷ್ಟೇ ಇರೋದು, ಸೇರಿಸೋಕೆ ಏನೂ ಇಲ್ಲ.”

ಹದ್ದಣ್ಣ ಕೂತ. ಇಪ್ಪತ್ತೊಂದು ವರ್ಷ ಹಗ್ಗ ಕಟ್ಟಿಕೊಂಡಿದ್ದರೂ ಹಿಂದಿನವನು ಯಾಕೆ ಬೇಕು ಎಂದು ಅವನು ಕೇಳಿರಲಿಲ್ಲ. ಮುಂದಿನವನ ಮರ್ಯಾದೆ ಕಾಯಲು ಎಂದುಕೊಂಡಿದ್ದ. ತನ್ನ ಮರ್ಯಾದೆ ಉಳಿಸಲು ಸೊಸೆ ಕೆಮ್ಮಿದ ಒಂದೊಂದು ಕೆಮ್ಮಿಗೂ ಬಯಲಿನಲ್ಲಿ ನಾಲ್ಕೈದು ಆಮೆಗಳು ಕಾಗದದ ಮೇಲೆ ಸಾಯುತ್ತಾ ಹೋಗಿದ್ದವು. ಈಗ ಉಳಿದವು ನಿಜವಾಗಿ ಸಾಯಲು ಲಾರಿ ಹತ್ತಬೇಕಿತ್ತು. ಮುಂದಿನ ತಿಂಗಳಿಗೆ ಲಾರಿಗೆ ಹೇಳಿಯಾಗಿತ್ತು.

ಸಂಜೆ ಐದರ ಹೊತ್ತಿಗೆ ಮನೆಗೆ ಬಂದಾಗ, ಮೊದಲೇ ಬಂದಿದ್ದ ಸೊಸೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಹೆಂಡತಿ ಫಲಕವನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಒರೆಸುವವರು ಯಾರು ಎಂದು ಕೇಳಿದಳು. ಹದ್ದಣ್ಣ ಬಾಗಿಲಲ್ಲಿ ನಿಂತು, ಒಲೆಯ ಕಡೆ ನೋಡುತ್ತಾ ಕೇಳಿದ:

“ಒಟ್ಟು ಎಷ್ಟು ಸಲ ಕೆಮ್ಮಿದೆಯಮ್ಮ?”

ಚಾಕು ನಿಂತಿತು.

“ಹದಿನೈದು ಸಲ, ಮಾವ.”

“ಕೆಮ್ಮನ್ನ ಯಾರಾದ್ರೂ ಎಣಿಸಿಡ್ತಾರಾ?” ಎಂದಳು ಹೆಂಡತಿ. ಇಬ್ಬರ ಮುಖವನ್ನೂ ನೋಡಿದ ಮೇಲೆ, ಇದು ತಾನು ತಿಳಿದುಕೊಂಡಿರುವುದಕ್ಕಿಂತ ದೊಡ್ಡ ಕೆಮ್ಮು ಎಂದು ಅವಳಿಗೆ ಅರ್ಥವಾಗಿ ಸ್ಟೂಲು ಎಳೆದುಕೊಂಡು ಕೂತಳು.

ಸೊಸೆ ಕೈ ಒರೆಸಿಕೊಂಡಳು. ಕೆಮ್ಮಿದಾಗಲೆಲ್ಲ ಆ ಫಾರಮ್ಮಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟಿದ್ದೇನೆ ಎಂದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಟೈಲ್ಸ್ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದವಳಿಗೆ ಬಿರುಕು ಕಂಡರೆ ಗುರುತು ಹಾಕದೆ ಕೈ ಮುಂದಕ್ಕೆ ಹೋಗುವುದಿಲ್ಲ.

“ಹೇಳಬೇಕು ಅಂತ ಪ್ರತಿ ಸಲ ಅಂದ್ಕೊತಿದ್ದೆ ಮಾವ. ಬಾಯಿ ಬರಲಿಲ್ಲ.”

“ಬಾಯಿ ಬರಲಿಲ್ಲ, ಕೆಮ್ಮು ಬಂತು” ಎಂದ ಹದ್ದಣ್ಣ. “ನನಗೂ ಗೊತ್ತಿತ್ತಮ್ಮ. ಗೊತ್ತಿದ್ದೂ ಔಷಧಿ ತಂದುಕೊಟ್ಟೆ. ನಿನ್ನದು ಹದಿನೈದು ತಪ್ಪು, ನನ್ನದು ಎರಡು ಬಾಟಲಿ.” ಅಷ್ಟು ಹೇಳಿ ಸುತ್ತಿಗೆಯ ಡಬ್ಬ ತಂದು ತಳದಿಂದ ಡಾಕ್ಟರ ಚೀಟಿ ತೆಗೆದು ಹೆಂಡತಿಯ ಕೈಗೆ ಕೊಟ್ಟ.

ಹೆಂಡತಿ ಓದಿದಳು. ಇನ್ನೊಂದು ಸಲ ಓದಿದಳು. “ಹಾಗಾದ್ರೆ ಉಪ್ಪಿನ ಡಬ್ಬ...” ಎಂದಳು.

“ಅದು ಮೊದಲಿಂದಲೂ ಕಾಣ್ತಿರಲಿಲ್ಲ” ಎಂದ ಹದ್ದಣ್ಣ.

ಸೊಸೆಗೆ ಅಳು ಬಂದಿತ್ತು. “ಆಫೀಸಿಗೆ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ ಮಾವ.”

“ಹೇಳದಿದ್ರೆ ಹೆಡ್ ಕ್ಲರ್ಕಿನ ಮನೆ ಹೋಗುತ್ತೆ.”

ಮರುದಿನ ಬೆಳಿಗ್ಗೆ ಇಬ್ಬರೂ ಆಫೀಸಿಗೆ ಹೋದರು. ಹಗ್ಗ ಇರಲಿಲ್ಲ, ಆದರೂ ಅಭ್ಯಾಸಬಲದಿಂದ ಒಬ್ಬರ ಹಿಂದೆ ಒಬ್ಬರು ದೂರ ಬಿಟ್ಟು ನಡೆದರು. ಹದ್ದಣ್ಣ ಫಲಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ, ಅದರ ಮೇಲೆ ಡಾಕ್ಟರ ಚೀಟಿ ಇಟ್ಟ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಲೆಕ್ಕದ ಮೇಡಂ ಮಧ್ಯೆ ಒಂದೇ ಒಂದು ಸಲ ಬಾಯಿ ಹಾಕಿದರು: “ಕೆಮ್ಮಿದ್ದು ನೀವು ದಾಟಿಹೋದ ಮೇಲೋ, ಮೊದಲೋ?” ದಾಟಿದ ಮೇಲೆ ಎಂದಳು ಸೊಸೆ. ಮೇಡಂ ಫಾರಮ್ಮುಗಳನ್ನು ತರಿಸಿ ಚುಕ್ಕೆಗಳನ್ನು ಎಣಿಸಿದರು. ಹದಿನೈದು.

ಬೇರೊಂದು ಜೋಡಿಯನ್ನು, ಇನ್ನೂ ಬಿಲ ಸೇರದ ಆಮೆಗಳಿದ್ದ ಮೂರು ಗೆರೆಗಳ ಮೇಲೆ ಮತ್ತೆ ನಡೆಸಿ, ಚುಕ್ಕೆಗಳು ಸುಳ್ಳಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಲೆಕ್ಕ ಬದಲಾಯಿತು. ಮುಂದಿನವರಿಗೆ ಇಪ್ಪತ್ತೊಂಬತ್ತು, ಹಿಂದಿನವರಿಗೆ ಹದಿನೈದು. ಬಯಲಿನಲ್ಲಿ ಇನ್ನೂರ ನಲವತ್ತು. ಲಾರಿಗೆ ಬೇಡವೆಂದು ಹೇಳಿ ಕಳಿಸಿದರು. ಸೊಸೆಗೆ ಕರ್ತವ್ಯದ ವೇಳೆಯಲ್ಲಿ ಅನಧಿಕೃತವಾಗಿ ಕೆಮ್ಮಿದ ಬಗ್ಗೆ ಒಂದು ಲಿಖಿತ ಎಚ್ಚರಿಕೆ ಬಂತು. ಇನ್ನು ಮುಂದೆ ಕೆಮ್ಮು ಬಂದಲ್ಲಿ ಫಾರಮ್ಮಿನಲ್ಲಿ ನಮೂದಿಸತಕ್ಕದ್ದು ಎಂದು ಅದರಲ್ಲಿತ್ತು. ಹದ್ದಣ್ಣನಿಗೆ ಯಾವ ಕಾಗದವೂ ಬರಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಸೊಸೆಯ ಹೆಸರು ಬರೆದು, ಪಕ್ಕದಲ್ಲಿ ‘ಪರೀಕ್ಷೆಗೆ ಒಳಪಟ್ಟು’ ಎಂದು ಸೇರಿಸಿದ್ದರು.

ಅಂದು ಸಂಜೆ ಅವನು ಗೋಡೆಯ ಮೊಳೆಯಿಂದ ಹಗ್ಗ ತೆಗೆದು, ಸಿಕ್ಕು ಬಿಡಿಸಿ, ಸುರುಳಿ ಸುತ್ತಿ ಸೊಸೆಯ ಕೋಣೆಯ ಹೊರಗಿಟ್ಟ. ಅತ್ತನೇ ಎಂದರೆ, ಅತ್ತ. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ಹೆಂಡತಿ ಹೊರಗೆ ನಿಂತು ಕೇಳಿಸಿಕೊಂಡಳು, ನೀರು ದಂಡವಾಗುತ್ತಿದೆ ಎಂದು ಒಮ್ಮೆಯೂ ಕೂಗಲಿಲ್ಲ. ಆ ಮನೆಯಲ್ಲಿ ಅದು ದೊಡ್ಡ ಮಾತು.

ಮುಂದಿನ ವರ್ಷ ಋತು ಹತ್ತಿರ ಬಂದಾಗ ಲೆಕ್ಕದ ಮೇಡಂ ಹೇಳಿಕಳಿಸಿದರು. ಕಣ್ಣಿಲ್ಲದವನಿಗೆ ಪರೀಕ್ಷೆಯಲ್ಲಿ ಹತ್ತೊಂಬತ್ತು ಸಿಕ್ಕಿದ್ದು ಹೇಗೆ ಎಂಬ ಒಂದು ಪ್ರಶ್ನೆ ಅವರ ತಲೆಯಲ್ಲಿ ಉಳಿದಿತ್ತು. ಹದ್ದಣ್ಣ ಭಾವಮೈದನ ಮರ್ಯಾದೆ ನೋಡದೆ ಅದನ್ನೂ ಹೇಳಿದ. ಸುಳ್ಳು ಆಮೆ ಅಡಗಿಸುವ ಕೆಲಸ ಹದ್ದಣ್ಣನಿಗೆ ಬಂತು. ಭಾವಮೈದ, “ಭಾವ, ನನ್ನ ಹೊಟ್ಟೆ ಮೇಲೆ ಹೊಡೆದ್ರಿ” ಎಂದ, ಆದರೆ ಕುರ್ಚಿಯಿಂದ ಏಳಲಿಲ್ಲ.

ಹದ್ದಣ್ಣ ಜೀಪು ಬೇಡವೆಂದ. ಗೋಣಿಚೀಲದಲ್ಲಿ ಇಪ್ಪತ್ತು ಸುಳ್ಳು ಆಮೆ ಹೊತ್ತುಕೊಂಡು ಎರಡು ದಿನ ಬಯಲು ಸುತ್ತಿದ. ಪೊದೆ ಸಿಕ್ಕಿದಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕಿಟ್ಟು, ಎಲ್ಲಿ ತಂಪಿದೆ, ಗಾಳಿ ಎಲ್ಲಿಂದ ಬರುತ್ತದೆ, ತಾನು ಆಮೆಯಾಗಿದ್ದರೆ ಈ ಹೊತ್ತಿಗೆ ಎಲ್ಲಿ ಕೂರುತ್ತಿದ್ದೆ ಎಂದು ನೋಡಿ ಅಲ್ಲಿ ಇಟ್ಟ. ಇದಕ್ಕೆ ಕಣ್ಣಿನ ನಡುಭಾಗ ಬೇಕಾಗಲಿಲ್ಲ. ಮೊದಲ ದಿನ ಪರೀಕ್ಷೆಗೆ ಬಂದ ಆರು ಮಂದಿಯಲ್ಲಿ ಯಾರಿಗೂ ಹದಿನಾಲ್ಕಕ್ಕಿಂತ ಹೆಚ್ಚು ಸಿಗಲಿಲ್ಲ. ನಿಜವಾದ ಆಮೆಯೂ ಇಷ್ಟು ಅಡಗಿಕೊಳ್ಳುವುದಿಲ್ಲ ಎಂದು ಜಗಳ ತೆಗೆದರು. ಅಡಗಿಕೊಳ್ಳುತ್ತೆ, ಅದಕ್ಕೇ ನಿಮಗೆ ಸಿಗೋದಿಲ್ಲ ಎಂದ ಹದ್ದಣ್ಣ.

ಎರಡನೆಯ ದಿನ ಸೊಸೆಯದು. ಮಾವ ರಾತ್ರಿ ಮನೆಯಲ್ಲಿ ಸೊಸೆಗೆ ಜಾಗ ಹೇಳಿಕೊಟ್ಟ ಎಂಬ ಮಾತು ಊರಿನ ಬಾಯಿಗೆ ಮೇವಾದೀತೆಂದು ಹದ್ದಣ್ಣ ಅಂದು ಎಲ್ಲ ಇಪ್ಪತ್ತನ್ನೂ ಬೆಳಿಗ್ಗೆಯೇ ಜಾಗ ಬದಲಿಸಿ ಇಟ್ಟಿದ್ದ. ಮೇಡಂ ಆ ವರ್ಷ ಮಾಡಿದ ಹೊಸ ನಿಯಮದಂತೆ ಅಡಗಿಸಿದವನು ಪಟ್ಟಿ ಹಿಡಿದು ಹಿಂದೆ ನಡೆಯಬೇಕು, ಎಷ್ಟು ಸಿಕ್ಕವು ಎಷ್ಟು ತಪ್ಪಿದವು ಎಂದು ಗುರುತು ಹಾಕಬೇಕು, ಮಾತಾಡಬಾರದು. ಅವಳ ‘ಇದೆ’ಗಳನ್ನು ಅವನು ಕಿವಿಯಿಂದ ಎಣಿಸುತ್ತಾ ಹೋದ. ಹದಿನಾಲ್ಕು, ಹದಿನೈದು, ಹದಿನಾರು. ಅಷ್ಟರಲ್ಲಿ ಎರಡು ತಪ್ಪಿಹೋಗಿದ್ದವು. ಉಳಿದದ್ದು ಎರಡು, ಎರಡೂ ಸಿಗಲೇಬೇಕು. ಹತ್ತೊಂಬತ್ತನೆಯದು ಒಂದು ಒಣಗಿದ ಪೊದೆಯ ಉತ್ತರಕ್ಕೆ, ಬೇರಿನ ಮಡಿಲಿನಲ್ಲಿತ್ತು. ಅವಳ ಹೆಜ್ಜೆ ಪೊದೆಯ ಹತ್ತಿರ ಬಂತು, ಪೊದೆಯನ್ನು ಬಳಸಿತು, ದಾಟಿತು.

ಆಗ ಗಾಳಿ ಎದ್ದು ಹದ್ದಣ್ಣನ ಬಾಯಿಗೆ ಒಂದು ಹಿಡಿ ಮರಳು ಬಡಿಯಿತು. ನಿಜವಾದ ಕೆಮ್ಮು, ಇಪ್ಪತ್ತೊಂದು ವರ್ಷದ ಬಯಲೆಲ್ಲ ಎದೆಯಿಂದ ಎದ್ದು ಬಂದ ಹಾಗೆ ಬಂತು. ಅವನು ಹೆಗಲ ಮೇಲಿನ ಟವೆಲು ಬಾಯಿಗೆ ತುರುಕಿಕೊಂಡ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಮಂಡಿ ಊರಿ ಕೂತ. ಮುಂದೆ ಹೆಜ್ಜೆಯ ಸದ್ದು ನಿಂತಿತು. ಅವಳು ತಿರುಗಿ ಅವನನ್ನು ನೋಡುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಎರಡು ಮೂರು ಉಸಿರಿನಷ್ಟು ಹೊತ್ತು ಅವಳು ಅಲ್ಲೇ ನಿಂತಳು. ಆಮೇಲೆ ‘ಇದೆ’ ಎನ್ನದೆ, ಹಿಂದಕ್ಕೆ ಬಾರದೆ, ಗೆರೆ ಹಿಡಿದು ಮುಂದೆ ನಡೆದಳು. ಇಪ್ಪತ್ತನೆಯದು ಅವಳಿಗೆ ಸಿಕ್ಕಿತು. ಹದಿನೇಳು. ಹದ್ದಣ್ಣ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ತಲೆ ಓರೆ ಮಾಡಿ, ಹತ್ತೊಂಬತ್ತರ ಮುಂದೆ ‘ತಪ್ಪಿದೆ’ ಎಂದು ಬರೆದ.

ಸಂಜೆ ಹೆಂಡತಿ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

“ಒಂದು ಕೆಮ್ಮು ಕೆಮ್ಮಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಧೂಳಿರಲಿಲ್ಲ” ಎಂದ ಹದ್ದಣ್ಣ.

“ಎಂಟು ದಿನಕ್ಕೆ ಮತ್ತೆ ಇದೆಯಲ್ಲ ಅತ್ತೆ” ಎಂದಳು ಸೊಸೆ. “ಉತ್ತರದ ಕಡೆ ಬೇರು ನೋಡಬೇಕು ಅಂತ ಪಟ್ಟಿ ನೋಡಿದ ಮೇಲೆ ಗೊತ್ತಾಯ್ತು.” ಅಷ್ಟು ಹೇಳಿ ಕಪಾಟಿನ ಹಿಂದಿನಿಂದ ಹೋದ ವರ್ಷದ ಔಷಧಿಯ ಬಾಟಲಿ ತೆಗೆದಳು. ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಅಳೆದು, ಚಮಚವನ್ನು ಅವನ ಬಲಗಡೆಗೆ, ಅವನಿಗೆ ಕಾಣುವ ಬದಿಗೆ, ಹಿಡಿದಳು.

“ಕುಡೀರಿ ಮಾವ. ಬೆಳಿಗ್ಗೆಯಿಂದ ತಡ್ಕೊಂಡಿದೀರಿ.”

ಹದ್ದಣ್ಣ ಕುಡಿದ. ಆಮೇಲೆ, ಹಿಂದೆ ಮುಂದೆ ಎಲ್ಲೂ ಒಂದೂ ಆಮೆಯಿಲ್ಲದ ಆ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬದ ಎದುರು ಕೂತು, ಮನಸಾರೆ ಕೆಮ್ಮಿದ.